ಹಲ್ಲುನೋವಿಗೆ ಕೈ ಒತ್ತಿದರೆ ಕಡಿಮೆಯಾಗುತ್ತಾ?

ಪ್ರಶ್ನೆ: ನನಗೆ 52 ವರ್ಷ. ಬಲಗಡೆ ಕೆಳದವಡೆಯ ಹಲ್ಲು ಆಗಾಗ ನೋಯುತ್ತೆ. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಒತ್ತಿದರೆ ನೋವು ಹೋಗುತ್ತೆ ಅಂತ ವಿಡಿಯೊ ನೋಡಿ ಒತ್ತಿದೆ, ಏನೂ ಆಗಲಿಲ್ಲ. ಐದು ತಿಂಗಳು ತುಂಬಿದ ಬಸುರಿ ಮಗಳಿಗೆ ತಲೆನೋವು. ಅವಳಿಗೂ ಒತ್ತಬಹುದಾ?

ಉತ್ತರ: ಮೊದಲು ಮಗಳ ವಿಷಯ. ಒತ್ತಬೇಡಿ. ಈ ಜಾಗ ಗರ್ಭಕೋಶವನ್ನು ಕೆರಳಿಸುತ್ತೆ ಅನ್ನೋದು ಚೀನೀ ವೈದ್ಯರ ಹಳೆಯ ನಂಬಿಕೆ, ಅದಕ್ಕೇ ಆಕ್ಯುಪಂಕ್ಚರ್ ಅನ್ನೋ ಸೂಜಿ ಚಿಕಿತ್ಸೆ ಮಾಡುವವರು ಬಸುರಿಯರಿಗೆ ಇಲ್ಲಿ ಸೂಜಿ ಹಾಕಲು ಹಿಂಜರಿಯುತ್ತಾರೆ. ಆ ನಂಬಿಕೆಗೆ ಗಟ್ಟಿ ಪುರಾವೆ ಇಲ್ಲ ನಿಜ. ನನ್ನ ಚಿಂತೆ ಬೇರೆ. 20 ವಾರ ಕಳೆದ ಬಸುರಿಗೆ ತಲೆನೋವು ಬಂದರೆ ಮೊದಲು ಬಿಪಿ ನೋಡಿಸಬೇಕು. ಜೊತೆಗೆ ಕಣ್ಣು ಮಂಜಾದರೆ, ಮುಖ, ಕೈ ಊದಿದರೆ ನಾಳೆಗೆ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಇನ್ನು ನಿಮ್ಮ ಹಲ್ಲು. ವಿಡಿಯೊದವರು ಹೇಳಿದ್ದು ಹೆಗು ಅನ್ನೋ ಬಿಂದು, ಅಂದ್ರೆ ಚೀನೀ ವೈದ್ಯರು ಸೂಜಿ ಹಾಕುವ, ಒತ್ತುವ ಜಾಗಗಳಲ್ಲಿ ಒಂದು. ಕೂಡುವ ಕಣಿವೆ ಅಂತ ಅದರ ಅರ್ಥ. ಹೆಬ್ಬೆರಳು, ತೋರುಬೆರಳಿನ ನಡುವಿನ ಆ ಜಾಗಕ್ಕೆ ಚೀನಾದಲ್ಲಿ ಹುಲಿಬಾಯಿ ಅಂತಾನೂ ಅಂತಾರೆ. ಬೆರಳು ಅಗಲಿಸಿ ನೋಡಿ, ಬಾಯಿ ತೆರೆದ ಹಾಗೇ ಕಾಣುತ್ತೆ! ಬಹಳ ಜನ ತಪ್ಪೋದು ಇಲ್ಲೇ. ಹುಲಿಬಾಯಿಯ ಅಂಚಿನ ಚರ್ಮವನ್ನು ಸುಮ್ನೆ ಚಿವುಟುತ್ತಾರೆ. ಬಿಂದು ಇರೋದು ಇನ್ನೂ ಹಿಂದೆ, ಅಂಗೈ ಬೆನ್ನಿನ ಮೇಲೆ, ತೋರುಬೆರಳಿನ ಬುಡದಿಂದ ಮಣಿಕಟ್ಟಿಗೆ ಹೋಗುವ ಮೂಳೆಯ ನಡುಭಾಗದ ಪಕ್ಕದಲ್ಲಿ.

ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿಯಿರಿ. ಕೈಬೆನ್ನಿನ ಮೇಲೆ ಮಾಂಸದ ಉಬ್ಬು ಏಳುತ್ತೆ. ಅದರ ನೆತ್ತಿ ಗುರುತಿಟ್ಟು, ಕೈ ಸಡಿಲ ಬಿಡಿ. ಈಗ ಇನ್ನೊಂದು ಹೆಬ್ಬೆರಳಿನಿಂದ ಆ ಮೂಳೆಯ ಕಡೆಗೆ ಓರೆಯಾಗಿ ಒತ್ತಿ. ಒಳಗೆ ಭಾರವಾದ, ಜೋಮು ಹಿಡಿದಂಥ ನೋವು ಬಂದರೆ ಸರಿಯಾದ ಜಾಗ ಸಿಕ್ಕಿತು ಅಂತ. ಒಂದೆರಡು ನಿಮಿಷ ಸಾಕು.

ಬಲಗಡೆ ಹಲ್ಲಿಗೆ ಎಡಗೈ ಒತ್ತಿ ಅಂತಾರೆ. ಮೈಯಲ್ಲಿ ಶಕ್ತಿ ಹರಿಯುವ ದಾರಿಗಳಿವೆ ಅಂತ ಚೀನೀ ವೈದ್ಯರು ಹೇಳ್ತಾರೆ. ಅವರ ಲೆಕ್ಕದಲ್ಲಿ ಇದು ದೊಡ್ಡ ಕರುಳಿನ ದಾರಿಯ ನಾಲ್ಕನೇ ಬಿಂದು. ದಾರಿ ತೋರುಬೆರಳ ತುದಿಯಲ್ಲಿ ಹೊರಟು, ತೋಳು ಹತ್ತಿ, ಕೆಳ ಒಸಡಿಗೆ ಹೋಗಿ, ಮೇಲ್ತುಟಿಯ ಮೇಲೆ ಆಚೆ ಬದಿಗೆ ದಾಟಿ ಮೂಗಿನ ಪಕ್ಕ ನಿಲ್ಲುತ್ತೆ. ಕೊಯ್ದು ನೋಡಿದರೆ ಇಂಥ ದಾರಿ ಸಿಗಲ್ಲ. ಸಿಗೋದು ಸ್ನಾಯು, ನರ, ರಕ್ತನಾಳ ಅಷ್ಟೇ. ಆದರೂ ಒಂದು ಕಡೆ ಬಲವಾಗಿ ಒತ್ತಿದಾಗ ಇನ್ನೊಂದು ಕಡೆಯ ನೋವು ಸ್ವಲ್ಪ ಹೊತ್ತು ಮಂಕಾಗೋದು ಉಂಟು.

ಹುಳುಕು ಮಾತ್ರ ಮುಚ್ಚಲ್ಲ. ಬಿಸಿ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ಹಲ್ಲು ಜುಂಯ್ ಅಂತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಒಳಗಿನ ನರಕ್ಕೆ ತೊಂದರೆ ಮುಟ್ಟಿರಬಹುದು. ದವಡೆ ಊದಿ ಜ್ವರ ಬಂದರೆ ಅದೇ ದಿನ ದಂತವೈದ್ಯರ ಹತ್ತಿರ ಹೋಗಿ. ಅಲ್ಲಿ ಸರದಿಗೆ ಕಾಯುವಾಗ ಬೇಕಿದ್ದರೆ ಎಡಗೈ ಒತ್ತಿಕೊಂಡು ಕೂತಿರಿ, ಬೇಡ ಅನ್ನಲ್ಲ.