ತೋಳಲ್ಲ, ಹೆಗಲು

ಹುಡುಗಿಯ ಹೆಸರು ಇಲ್ಲಿ ಬೇಡ. ಶಾಲೆ, ತರಗತಿ, ಮನೆಯ ವಿವರಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ಬರೆಯಲು ಅವಳ ಮತ್ತು ತಾಯಿಯ ಒಪ್ಪಿಗೆ ಇದೆ. ಕಾಸರಗೋಡಿನ ಒಳನಾಡು, ಕನ್ನಡ ಮಾಧ್ಯಮ, ಹದಿನೈದರ ವಯಸ್ಸು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇಷ್ಟು ಹೇಳಿದರೆ ಗುರುತು ಸಿಗುವ ಭಯವಿಲ್ಲ, ನಮ್ಮ ಕಡೆ ಇಂಥವರು ಮನೆಗೊಬ್ಬರು ಇದ್ದಾರೆ.

ತಾಯಿ ಅವಳನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದದ್ದು ಸಾಫ್ಟ್‌ಬಾಲ್ ಎಂಬ ಬೇಸ್‌ಬಾಲ್‌ನಂಥ ಬ್ಯಾಟು-ಚೆಂಡಿನ ಆಟಕ್ಕಾಗಿ ಅಲ್ಲ, ಹೊಟ್ಟೆನೋವಿಗಾಗಿ. ಅಭ್ಯಾಸವಿದ್ದ ದಿನ ಸಂಜೆ ಮೂರೂವರೆಗೆ ಸರಿಯಾಗಿ ಹೊಟ್ಟೆನೋವು. ವೈದ್ಯರು ಏನೂ ಇಲ್ಲವೆಂದಿದ್ದರು. ಹಿಂದಿನ ವರ್ಷ ಉಪಜಿಲ್ಲಾ ಪಂದ್ಯದಲ್ಲಿ ತಂಡಕ್ಕೆ ಆಧಾರವಾಗಿದ್ದ ಹುಡುಗಿ, ಹೊಸ ಶಿಬಿರಕ್ಕೆ ಸೇರಿದ ಮೂರು ತಿಂಗಳಿಂದ ಚೆಂಡನ್ನು ಸರಿಯಾಗಿ ಮುಟ್ಟುತ್ತಲೇ ಇಲ್ಲ. “ಚೆಂಡಿನ ಭಯ ಹಿಡಿದಿದೆ, ತೆಗೆದು ಕೊಡಿ” ಎಂದರು ತಾಯಿ, ದೃಷ್ಟಿ ತೆಗೆಯುವವರಿಗೆ ಹೇಳುವ ಧಾಟಿಯಲ್ಲಿ. ರಾಜ್ಯಮಟ್ಟಕ್ಕೆ ಹೋದರೆ ಎಸ್‌ಎಸ್‌ಎಲ್‌ಸಿಗೆ ಗ್ರೇಸ್ ಮಾರ್ಕ್ ಸಿಗಬಹುದು ಎಂಬುದನ್ನೂ ಮೆಲ್ಲನೆ ಸೇರಿಸಿದರು. ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು.

ಭಯವೆಂದು ನಾನೂ ನಂಬಿದೆ. ನಂಬಲು ಕಾರಣವಿತ್ತು. ಹೆಸರಿನಲ್ಲಿ ಸಾಫ್ಟ್ ಇದ್ದರೂ ಚೆಂಡು ಮೃದುವಲ್ಲ. 1887ರಲ್ಲಿ ಷಿಕಾಗೋದ ಒಂದು ಸಭಾಂಗಣದೊಳಗೆ ಬಾಕ್ಸಿಂಗ್ ಕೈಗವಸನ್ನು ಕಟ್ಟಿ ಚೆಂಡು ಮಾಡಿಕೊಂಡು ಶುರುವಾದ ಆಟ ಇದು. ಆ ಮೃದುತ್ವ ಹೆಸರಿನಲ್ಲಷ್ಟೇ ಉಳಿದಿದೆ. ಹನ್ನೆರಡು ಇಂಚು ಸುತ್ತಳತೆಯ ಗಟ್ಟಿ ಚೆಂಡನ್ನು 43 ಅಡಿ ದೂರದಿಂದ ಕೈ ಕೆಳಗಿನಿಂದ ಬೀಸಿ ಎಸೆಯುತ್ತಾರೆ. ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಬಂದರೆ ಅರ್ಧ ಸೆಕೆಂಡಿನಲ್ಲಿ ಮೈಮೇಲೆ ಬಂದಿರುತ್ತದೆ. ಹೆದರಿದರೆ ತಪ್ಪೇನು? ಎರಡು ಭೇಟಿಗಳಲ್ಲಿ ಉಸಿರಾಟದ ಅಭ್ಯಾಸ, ಕಣ್ಣು ಮುಚ್ಚಿ ಚೆಂಡನ್ನು ಕಲ್ಪಿಸಿಕೊಳ್ಳುವುದು, ಎಲ್ಲ ಮಾಡಿಸಿದೆ. ಹೊಟ್ಟೆನೋವು ಕಡಿಮೆಯಾಯಿತು. ಹೊಡೆತ ಹಾಗೆಯೇ ಉಳಿಯಿತು.

ಮೂರನೆಯ ಸಲ ಅವಳೇ ಬಾಯಿಬಿಟ್ಟಳು. “ಚೆಂಡು ಬರುವಾಗ ನನಗೆ ಹೆದರಿಕೆ ಇಲ್ಲ ಟೀಚರ್. ಕೈ ಯಾವಾಗ ಹೋಗಬೇಕು ಎಂದೇ ಗೊತ್ತಾಗುವುದಿಲ್ಲ.”

ಆ ಮಾತನ್ನು ಮೊದಲ ದಿನವೇ ಕೇಳಿ ತೆಗೆಯಬೇಕಿತ್ತು. ನಾನು ತಾಯಿ ಕೊಟ್ಟ ಹೆಸರನ್ನೇ ಕಡತದ ಮೇಲೆ ಬರೆದುಕೊಂಡು ಕುಳಿತಿದ್ದೆ.

ಮರುವಾರ ಮೈದಾನಕ್ಕೆ ಹೋದೆ. ಮುರಮಣ್ಣಿನ ಮೈದಾನ, ಅಂಚಿನಲ್ಲಿ ಗೇರುಮರಗಳು. ಆಟ ನನಗೆ ತಿಳಿಯದ್ದರಿಂದ ಪರಿಚಯದ ನಿವೃತ್ತ ದೈಹಿಕ ಶಿಕ್ಷಕರೊಬ್ಬರನ್ನು ಜೊತೆಗೆ ಕರೆದುಕೊಂಡೆ. ಮೇಷ್ಟ್ರು ಹತ್ತು ಎಸೆತ ನೋಡಿ ಹೇಳಿದ್ದು ಒಂದೇ: ಕೈ ಓಡುತ್ತಿದೆ, ಮೈ ನಿಂತಿದೆ. ಬಲಗೈ ಆಟಗಾರ್ತಿಯಾದರೆ ಎಡಗಾಲು ಮುಂದೆ ಬಂದು ನೆಲಕ್ಕೆ ಊರಬೇಕು. ಆಮೇಲೆ ಸೊಂಟ ತಿರುಗಬೇಕು, ಸೊಂಟದ ಬೆನ್ನಿಗೆ ಎದೆ ಮತ್ತು ಹೆಗಲು, ಹೆಗಲಿನ ಬೆನ್ನಿಗೆ ಕೈ, ಎಲ್ಲದಕ್ಕಿಂತ ಕೊನೆಗೆ ಬ್ಯಾಟಿನ ತುದಿ. ಬಾರುಕೋಲು ಬೀಸಿದಾಗ ತುದಿ ಕೊನೆಗೆ ಬಂದು ಚಟೀರೆನ್ನುವುದಿಲ್ಲವೇ, ಹಾಗೆ. ಇವಳಲ್ಲಿ ಕಾಲು ಊರುವ ಮೊದಲೇ ಕೈಗಳು ಹೊರಟು ಹೋಗುತ್ತಿದ್ದವು. ಸೊಂಟ ತಿರುಗುವ ಹೊತ್ತಿಗೆ ಬ್ಯಾಟಿನಲ್ಲಿ ಕಸುವೇ ಇರುತ್ತಿರಲಿಲ್ಲ.

ತರಬೇತುದಾರರು ಒಳ್ಳೆಯ ಮನುಷ್ಯ, ಜಿಲ್ಲೆಯ ತೆಂಕಣ ತುದಿಯವರು, ಕನ್ನಡ ಬಾರದು. ಪ್ರತಿ ಎಸೆತಕ್ಕೂ ಕೂಗುತ್ತಿದ್ದರು: “ತೋಳ್! ತೋಳ್!” ಕೂಗಿದಷ್ಟೂ ಹುಡುಗಿ ತೋಳನ್ನು ಇನ್ನಷ್ಟು ಬೇಗ ಬೀಸುತ್ತಿದ್ದಳು. ಬೀಸಿದಷ್ಟೂ ಅವರು ಇನ್ನಷ್ಟು ಜೋರಾಗಿ ಕೂಗುತ್ತಿದ್ದರು.

ಮಲಯಾಳದಲ್ಲಿ ತೋಳ್ ಎಂದರೆ ಹೆಗಲು. ಕನ್ನಡದ ಕಿವಿಗೆ ಅದು ಕೈ.

ಅವಳಿಗೆ ಮಲಯಾಳ ಬಾರದೆಂದಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ ಸಲೀಸಾಗಿ ಮಾತಾಡುತ್ತಾಳೆ; ಕುಳಿತು ಕೇಳಿದರೆ ತೋಳ್ ಎಂದರೆ ಏನೆಂದು ಅವಳೇ ಹೇಳುತ್ತಾಳೆ. ಆದರೆ ಚೆಂಡು ಬರುವ ಆ ಅರ್ಧ ಸೆಕೆಂಡಿನಲ್ಲಿ ಯಾರೂ ಅನುವಾದ ಮಾಡುತ್ತಾ ನಿಲ್ಲುವುದಿಲ್ಲ. ಮೈಗೆ ಮೊದಲು ತಾಗುವುದು ಚಿಕ್ಕಂದಿನಿಂದ ಶಾಲೆಯಲ್ಲಿ ಕಲಿತ ಭಾಷೆಯ ಪದ. ಗಡಿನಾಡಿನಲ್ಲಿ ಇಪ್ಪತ್ತು ವರ್ಷ ಈ ಕೆಲಸ ಮಾಡಿದ ನನಗೆ ಇದು ಹೊಳೆಯಲು ಗೇರುಮರದ ನೆರಳಿನಲ್ಲಿ ಒಂದು ಗಂಟೆ ಬೇಕಾಯಿತು.

ಪದದ ಗಂಟು ಬಿಚ್ಚಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ಎಣಿಸಿದ್ದು ಎರಡನೆಯ ತಪ್ಪು. ಮೂರು ತಿಂಗಳು ದಿನಕ್ಕೆ ನೂರು ಸಲ ಮಾಡಿದ್ದು ಮೈಗೆ ಅಂಟಿರುತ್ತದೆ. ಸಾಲದ್ದಕ್ಕೆ ಅವಳು ಮೊಬೈಲಿನಲ್ಲಿ ಇಂಗ್ಲಿಷ್ ವೀಡಿಯೊ ನೋಡಿ ಹನ್ನೊಂದು ಬಗೆಯ ಡ್ರಿಲ್‌ಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಕನ್ನಡಿಯ ಮುಂದೆ ಒಂದೊಂದನ್ನೂ ಚೆನ್ನಾಗಿಯೇ ಮಾಡುತ್ತಿದ್ದಳು. ಕೂಡಿಸಿದರೆ ಮಾತ್ರ ಸೂತ್ರ ಕಡಿದ ಗೊಂಬೆ.

ಮನೆಯಲ್ಲಿ ಏನೇನು ಕೆಲಸ ಮಾಡುತ್ತೀ ಎಂದು ಕೇಳಿದೆ. ಹಟ್ಟಿ ತೊಳೆಯುತ್ತೇನೆ ಎಂದಳು. ಬಾಲ್ದಿಯಲ್ಲಿ ಅರ್ಧ ನೀರು ತರಿಸಿ, ಎರಡು ಕೈಯಲ್ಲೂ ಹಿಡಿದು ದೂರದ ಗೋಡೆಗೆ ಎರಚಲು ಹೇಳಿದೆ. ಎರಚಿದಳು. ಎಡಗಾಲು ಮುಂದೆ ಹೋಯಿತು, ಸೊಂಟ ತಿರುಗಿತು, ಬಾಲ್ದಿ ಹಿಂದೆಯೇ ಉಳಿದು ಕೊನೆಯ ಕ್ಷಣದಲ್ಲಿ ಮುಂದೆ ಹಾರಿತು. ಯಾರೂ ಕಲಿಸದ ಲಯ ಅದು. ಭಾರದ ಬಾಲ್ದಿಯನ್ನು ಬರೀ ತೋಳಿನಿಂದ ಎರಚಲು ಬರುವುದೂ ಇಲ್ಲ. ಮೇಷ್ಟ್ರು ಮೂಗು ಮುರಿದರು. ಬಾಲ್ದಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಅದೇ ರೂಢಿಯಾದರೆ ಚೆಂಡು ಮುಗಿಲಿಗೆ ಏರಿ ಸುಲಭದ ಕ್ಯಾಚ್ ಆಗುತ್ತದೆ ಎಂದರು. ಅವರು ಹೇಳಿದ್ದು ನಿಜವೆಂದು ಆಮೇಲೆ ಗೊತ್ತಾಯಿತು. ಆ ದಿನಕ್ಕೆ ಮಾತ್ರ, ಮೈ ಮುಂದೆ ಕೈ ಹಿಂದೆ ಎಂಬುದು ಅವಳಿಗೆ ತನ್ನದೇ ಮೈಯಲ್ಲಿ ಸಿಕ್ಕಿತು.

ಮೇಷ್ಟ್ರು ಹನ್ನೊಂದರಲ್ಲಿ ಮೂರನ್ನು ಉಳಿಸಿದರು. ಮೊದಲನೆಯದು, ಬ್ಯಾಟನ್ನು ಎದೆಗೆ ಅಡ್ಡವಾಗಿ ಅಪ್ಪಿ ಹಿಡಿದು ಕಾಲು ಮತ್ತು ಸೊಂಟದಿಂದಷ್ಟೇ ತಿರುಗುವುದು. ಹೊಕ್ಕುಳು ಎಸೆಯುವವಳ ಕಡೆಗೆ ಬರಬೇಕು, ಹಿಂಗಾಲಿನ ಹಿಮ್ಮಡಿ ತಾನಾಗಿ ಏಳಬೇಕು. ಇದರಲ್ಲಿ ಕೈಗೆ ಕೆಲಸವೇ ಇಲ್ಲ, ಆದ್ದರಿಂದ ಅವಸರ ಮಾಡಲೂ ಆಗದು. ಎರಡನೆಯದು, ಮುಂಗಾಲು ಊರಿ, ಕೈಗಳು ಹಿಂದಿನ ಹೆಗಲಿನ ಬಳಿಯೇ ಇರುವಂತೆ ನಿಂತು, ಒಂದು ಎರಡು ಎಣಿಸಿ, ಟೀ ಕಂಬದ ಮೇಲಿಟ್ಟ ಚೆಂಡನ್ನು ಹೊಡೆಯುವುದು. ಇದನ್ನು ಹೆಚ್ಚು ದಿನ ಮಾಡಿಸಬಾರದು, ನಿಲ್ಲುವುದೇ ರೂಢಿಯಾಗಿಬಿಡುತ್ತದೆ ಎಂದು ಅವರೇ ಎಚ್ಚರಿಸಿದರು. ವಾರ ಕಳೆದಂತೆ ಎಣಿಕೆ ಸಣ್ಣದಾಗಿ ಮಾಯವಾಗಬೇಕು. ಮೂರನೆಯದು ಅವಳಿಗೆ ತುಂಬ ಹಿಡಿಸಿತು. ಬಲ ಕಂಕುಳಲ್ಲಿ ಸಣ್ಣ ಟವೆಲು ಇಟ್ಟುಕೊಂಡು ಹೊಡೆಯುವುದು. ತೋಳು ಮೈಬಿಟ್ಟು ಮೊದಲೇ ಓಡಿದರೆ ಟವೆಲು ಚೆಂಡು ತಾಗುವ ಮುಂಚೆಯೇ ಬೀಳುತ್ತದೆ. ಮೈ ಒಯ್ದರೆ ಹೊಡೆತದ ಆಮೇಲೆ ಬೀಳುತ್ತದೆ. ಸರಿಯೋ ತಪ್ಪೋ ಎಂದು ಯಾರ ಬಾಯಿಯಿಂದಲೂ ಕೇಳಬೇಕಾಗಿಲ್ಲ. ಒಂಟಿಗೈಯಲ್ಲಿ ಹೊಡೆಯುವ ಡ್ರಿಲ್ ಎಲ್ಲರೂ ಮಾಡಿಸುವಂಥದ್ದು, ಅದನ್ನು ಅವರು ಸದ್ಯಕ್ಕೆ ತೆಗೆದೇಬಿಟ್ಟರು. ಈಗಲೇ ಅಧಿಕಾರ ಹೆಚ್ಚಾದ ಕೈಗೆ ಇನ್ನಷ್ಟು ಕೊಡುವುದು ಬೇಡ ಎಂದರು.

ನನ್ನ ಪಾಲಿನ ಸಲಹೆ ಡ್ರಿಲ್‌ಗಳ ನಡುವಿನ ಜಾಗಕ್ಕೆ ಸೇರಿದ್ದು. ಯಾವ ಡ್ರಿಲ್ ಆದರೂ ನಾಲ್ಕೈದು ಸಲ ಮಾಡಿದ ಕೂಡಲೇ ಎರಡು ಪೂರ್ತಿ ಹೊಡೆತ ಹೊಡೆಯಬೇಕು, ಆಗ ಯಾರೂ ತುಟಿ ಬಿಚ್ಚಬಾರದು. ಬಿಡಿಸಿದ್ದನ್ನು ಅದೇ ಸಂಜೆ ಕಟ್ಟಬೇಕು, ನಾಳೆಗೆ ಬಿಟ್ಟರೆ ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಇನ್ನೊಂದು, ಬ್ಯಾಟ್ ಹಿಡಿದು ನಿಂತಾಗ ಮನಸ್ಸಿನಲ್ಲಿ ಒಂದೇ ಮಾತು, ಅದೂ ದೇಹದ ಅಂಗದ ಹೆಸರಿಲ್ಲದ ಮಾತು. 1990ರ ದಶಕದ ಕೊನೆಯಿಂದ, ಮೈ ಚಲನೆಯನ್ನು ಹೇಗೆ ಕಲಿಯುತ್ತದೆ ಎಂದು ಅಧ್ಯಯನ ಮಾಡುವ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು ತೋರಿಸಿದ್ದು ಇದನ್ನೇ: ಸ್ವಂತ ಅಂಗಗಳ ಮೇಲೆ ಗಮನ ಇಟ್ಟವರಿಗಿಂತ, ಆ ಚಲನೆ ಹೊರಗೆ ಏನನ್ನು ಮಾಡುತ್ತದೆಯೋ ಅದರ ಮೇಲೆ ಗಮನ ಇಟ್ಟವರು ಸಾಮಾನ್ಯವಾಗಿ ಚೆನ್ನಾಗಿ ಕಲಿಯುತ್ತಾರೆ. ಹುಡುಗಿ ತಾನೇ ಆರಿಸಿದ ಮಾತು “ಗೋಡೆಗೆ”. ಬಾಲ್ದಿಯ ಗೋಡೆ.

ತರಬೇತುದಾರರ ಜೊತೆ ಮಾತಾಡುವುದು ನಾಜೂಕಿನ ಕೆಲಸವಾಗಿತ್ತು. ಭಾಷೆಯ ದೂರು ಎಂದು ಅವರಿಗೆ ಕೇಳಿಸಿದರೆ ಅಲ್ಲಿಗೆ ಮುಗಿಯಿತು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿ ಅಂಥ ದೂರುಗಳಿಗೆ ಕೊರತೆಯಿಲ್ಲ. ನಾನು ಪದದ ಕಥೆಯನ್ನು ತಮಾಷೆಯಾಗಿ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ತಲೆಗೆ ಕೈಯಿಟ್ಟು, ಜೋರಾಗಿ ನಕ್ಕರು. ತಾಯಿಗೆ ಕೊಟ್ಟ ಸಲಹೆ ಚಿಕ್ಕದು: ಆರು ವಾರ “ಇವತ್ತು ಹೊಡೆದೆಯಾ?” ಎಂದು ಕೇಳಬೇಡಿ. ಅದು ಅವರಿಗೆ ನಿಜಕ್ಕೂ ಕಷ್ಟವಾಯಿತು.

ಟವೆಲು ಸರಿಯಾದ ಹೊತ್ತಿಗೆ ಬೀಳಲು ಮೂರು ವಾರ ಹಿಡಿಯಿತು. ಬರುವ ಚೆಂಡಿನ ಮುಂದೆ ಹಳೆಯ ಕೈ ಎರಡು ಬಾರಿ ಮರಳಿತು. ಆಗೆಲ್ಲ ಟೀ ಕಂಬಕ್ಕೆ ಹಿಂದೆ ಹೋದೆವು. ಮೇಷ್ಟ್ರು ಹೇಳಿದಂತೆಯೇ ಚೆಂಡು ಮುಗಿಲಿಗೆ ಏರತೊಡಗಿತು. ಕಂಬವನ್ನು ಎದೆಯ ಮಟ್ಟಕ್ಕೆ ಏರಿಸಿ ನೇರ ಹೊಡೆತವನ್ನು ರೂಢಿಸಿದರು. ಆಯ್ಕೆ ಪಂದ್ಯದಲ್ಲಿ ಮೂರು ಸಲ ಬ್ಯಾಟ್ ಹಿಡಿದಳು: ಒಂದು ಕ್ಯಾಚ್, ಚೆಂಡು ತಾಗಿಸಲಾಗದೆ ಒಂದು ಸ್ಟ್ರೈಕ್ ಔಟ್, ಒಂದು ಮೂರನೆಯ ಬೇಸ್ ಕಾಯುವವಳ ತಲೆಯ ಮೇಲಿನಿಂದ ಗೆರೆ ಎಳೆದಂತೆ ಹೋದ ಹೊಡೆತ. ತಂಡದಲ್ಲಿ ಕಾಯ್ದಿಟ್ಟ ಆಟಗಾರ್ತಿಯಾಗಿ ಜಾಗ ಸಿಕ್ಕಿತು. ಗ್ರೇಸ್ ಮಾರ್ಕಿನ ವಿಚಾರ ಇನ್ನೂ ದೂರ.

ಕಳೆದ ತಿಂಗಳು ಬಂದಾಗ ಹೊಟ್ಟೆನೋವಿನ ಮಾತೇ ಬರಲಿಲ್ಲ. ತರಬೇತುದಾರರು ಈಗ ಕನ್ನಡದ ಮಕ್ಕಳಿಗೆ “ಹೆಗಲ್, ಹೆಗಲ್” ಎಂದು ಕೂಗುತ್ತಾರಂತೆ, ಮಲಯಾಳದ ಮಕ್ಕಳು ಅದೇನೆಂದು ಇವಳನ್ನು ಕೇಳುತ್ತಾರಂತೆ.