ನೈಟ್ರೋಜನ್ ಸುಮ್ಮನಿರುವುದೇ ಬೇರೆ, ಆರ್ಗಾನ್ ಸುಮ್ಮನಿರುವುದೇ ಬೇರೆ

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. ನೈಟ್ರೋಜನ್ ಅಲೋಹ, ಆರ್ಗಾನ್ ಜಡ ಅನಿಲ ಅಂತ ಓದಿದ್ದೇನೆ. ಆದರೆ ನೈಟ್ರೋಜನ್ ಕೂಡ ಬೇರೆ ವಸ್ತುಗಳ ಜೊತೆ ಅಷ್ಟು ಸುಲಭವಾಗಿ ಸೇರುವುದಿಲ್ಲ ಅಲ್ವಾ? ಎರಡಕ್ಕೂ ಬಣ್ಣ ಇಲ್ಲ, ವಾಸನೆ ಇಲ್ಲ, ಎರಡೂ ಗಾಳಿಯಲ್ಲೇ ಇವೆ. ಹಾಗಾದರೆ ನಿಜವಾದ ವ್ಯತ್ಯಾಸ ಏನು? — ಹಾಸನದ ಓದುಗರು

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಇವೆರಡೂ ಮೇಲುನೋಟಕ್ಕೆ ಎಷ್ಟು ಒಂದೇ ಥರ ಅಂದರೆ, 1894ರವರೆಗೆ ಆರ್ಗಾನ್ ಅಂತ ಒಂದಿದೆ ಅನ್ನುವುದೇ ಗೊತ್ತಿರಲಿಲ್ಲ. ಗಾಳಿಯಿಂದ ಆಮ್ಲಜನಕ, ನೀರಾವಿ, ಕಾರ್ಬನ್ ಡೈಆಕ್ಸೈಡ್ ತೆಗೆದರೆ ಉಳಿದದ್ದೆಲ್ಲ ನೈಟ್ರೋಜನ್ ಅಂತ ಲೆಕ್ಕ ಹಾಕುತ್ತಿದ್ದರು. ಗಾಳಿಯಲ್ಲಿ ನೈಟ್ರೋಜನ್ ಶೇಕಡ 78, ಆರ್ಗಾನ್ ಶೇಕಡ 0.93. ಕಾರ್ಬನ್ ಡೈಆಕ್ಸೈಡಿಗಿಂತ ಇಪ್ಪತ್ತು ಪಟ್ಟು ಜಾಸ್ತಿ ಇದ್ದರೂ ಆರ್ಗಾನ್ ಯಾರ ಕೈಗೂ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ತಕ್ಕಡಿಯಿಂದ. ಇಂಗ್ಲೆಂಡಿನ ಲಾರ್ಡ್ ರೇಲಿ ಗಾಳಿಯಿಂದ ತೆಗೆದ ನೈಟ್ರೋಜನ್ ಒಂದು ಲೀಟರಿಗೆ ಸುಮಾರು 1.257 ಗ್ರಾಂ ತೂಗುತ್ತಿತ್ತು. ಅಮೋನಿಯಾದಿಂದ ತಯಾರಿಸಿದ್ದು ಸುಮಾರು 1.250 ಗ್ರಾಂ. ವ್ಯತ್ಯಾಸ ಬರೀ ಅರ್ಧ ಶೇಕಡ. ಬೇರೆ ಯಾರಾದರೂ ಆಗಿದ್ದರೆ ತಕ್ಕಡಿಯ ದೋಷ ಅಂತ ಬಿಟ್ಟುಬಿಡುತ್ತಿದ್ದರೇನೋ. ರೇಲಿ ಬಿಡಲಿಲ್ಲ, 1892ರಲ್ಲಿ ನೇಚರ್ ಪತ್ರಿಕೆಗೆ ಪತ್ರ ಬರೆದು, ಇದಕ್ಕೆ ಕಾರಣ ಏನಿರಬಹುದು ಅಂತ ಓದುಗರನ್ನೇ ಕೇಳಿದರು. ಆಮೇಲೆ ವಿಲಿಯಂ ರಾಮ್ಸೆ ಗಾಳಿಯ ನೈಟ್ರೋಜನ್ ಅನ್ನು ಕಾಯಿಸಿದ ಮೆಗ್ನೀಷಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಬಿಸಿ ಮೆಗ್ನೀಷಿಯಂ ನೈಟ್ರೋಜನ್ ಅನ್ನು ಹೀರಿಕೊಂಡು ಮೆಗ್ನೀಷಿಯಂ ನೈಟ್ರೈಡ್ ಆಗುತ್ತದೆ. ಎಷ್ಟು ಸಲ ಹಾಯಿಸಿದರೂ ಒಂದಿಷ್ಟು ಅನಿಲ ಮಾತ್ರ ಹಾಗೇ ಉಳಿಯಿತು. ಅದೇ ಆರ್ಗಾನ್. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೇಲಿಗೆ ಭೌತಶಾಸ್ತ್ರದಲ್ಲಿ, ರಾಮ್ಸೆಗೆ ರಸಾಯನಶಾಸ್ತ್ರದಲ್ಲಿ. ಇದಕ್ಕೂ ನೂರು ವರ್ಷ ಮೊದಲೇ, 1785ರಲ್ಲಿ, ಹೆನ್ರಿ ಕ್ಯಾವೆಂಡಿಶ್ ಗಾಳಿಗೆ ವಿದ್ಯುತ್ ಕಿಡಿ ಹಾರಿಸುತ್ತಾ ಹೋದಾಗ ಕೊನೆಗೆ ಒಂದು ಸಣ್ಣ ಗುಳ್ಳೆ ಉಳಿದುಬಿಟ್ಟಿತ್ತು, 120ರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿಲ್ಲ ಅಂತ ಬರೆದಿಟ್ಟಿದ್ದರು. ಅದು ಏನು ಅಂತ ಗೊತ್ತಾಗಲು ಅಷ್ಟು ಕಾಲ ಬೇಕಾಯಿತು ನೋಡಿ.

ನಿಮ್ಮ ಪ್ರಶ್ನೆಗೆ ಉತ್ತರ ಆ ಮೆಗ್ನೀಷಿಯಂ ಪ್ರಯೋಗದಲ್ಲೇ ಇದೆ. ಬಿಸಿ ಮುಟ್ಟಿದರೆ ನೈಟ್ರೋಜನ್ ಬದಲಾಗುತ್ತದೆ, ಆರ್ಗಾನ್ ಬದಲಾಗುವುದಿಲ್ಲ. ಯಾಕೆ?

ನೈಟ್ರೋಜನ್ ಪರಮಾಣುವಿನ ಹೊರಗಿನ ಕವಚದಲ್ಲಿ 5 ಇಲೆಕ್ಟ್ರಾನ್ ಇವೆ, ಇನ್ನೂ 3 ಬೇಕು. ಹಾಗಾಗಿ ಎರಡು ಪರಮಾಣುಗಳು ಮೂರು ಮೂರು ಇಲೆಕ್ಟ್ರಾನ್ ಹಂಚಿಕೊಂಡು ಜೋಡಿಯಾಗುತ್ತವೆ. ಈ ತ್ರಿಬಂಧ ಮುರಿಯಲು ಒಂದು ಮೋಲಿಗೆ ಸುಮಾರು 945 ಕಿಲೋಜೌಲ್ ಬೇಕು, ಆಮ್ಲಜನಕದ ಬಂಧಕ್ಕೆ 498 ಸಾಕು. ಅಖಾಡದಲ್ಲಿ ಇಬ್ಬರು ಪೈಲ್ವಾನರು ಪಟ್ಟು ಹಾಕಿ ನಿಂತಾಗ ಅಲುಗಾಡದ ಹಾಗೆ ಕಾಣುತ್ತಾರಲ್ಲ, ನೈಟ್ರೋಜನ್ ಸುಮ್ಮನಿರುವುದು ಹಾಗೆ. ಪಟ್ಟು ಬಿಡಿಸಿದರೆ ಒಂಟಿ ನೈಟ್ರೋಜನ್ ಪರಮಾಣು ಬಹಳ ಚುರುಕು.

ಆರ್ಗಾನ್ ಕತೆ ಬೇರೆ. ಅದರ 18 ಇಲೆಕ್ಟ್ರಾನುಗಳು 2, 8, 8 ಅಂತ ಕೂತಿವೆ. ಹೊರಗಿನ ಕವಚ ತುಂಬಿದೆ, ಅದಕ್ಕೆ ಜೋಡಿಯೇ ಬೇಡ. ಒಂಟಿ ಪರಮಾಣುವಾಗಿಯೇ ಗಾಳಿಯಲ್ಲಿ ತಿರುಗುತ್ತಿರುತ್ತದೆ. ಮುರಿಯಲು ಅಲ್ಲಿ ಬಂಧವೇ ಇಲ್ಲ. ಆರ್ಗಾನಿನ ಒಂದು ಸಂಯುಕ್ತವನ್ನು 2000ದಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಮಾಡಿ ತೋರಿಸಿದರು, ಹೈಡ್ರೋಜನ್ ಮತ್ತು ಫ್ಲೋರಿನ್ ಜೊತೆ ಸೇರಿಸಿ. ಅದೂ ಸುಮಾರು ಮೈನಸ್ 265 ಡಿಗ್ರಿ ಚಳಿಯಲ್ಲಿ. ಸ್ವಲ್ಪ ಬೆಚ್ಚಗಾದರೂ ಒಡೆದುಹೋಗುತ್ತದೆ.

ನೈಟ್ರೋಜನ್ ಸಂಯುಕ್ತಗಳೋ, ಎಣಿಸಿ ಮುಗಿಯುವುದಿಲ್ಲ. ಅಮೋನಿಯಾ, ಯೂರಿಯಾ, ನೈಟ್ರಿಕ್ ಆಮ್ಲ, ಸ್ಫೋಟಕಗಳು, ನಮ್ಮ ಮೈಯ ಪ್ರೋಟೀನು, ಡಿಎನ್‌ಎ. ಯೂರಿಯಾ ಚೀಲದಲ್ಲಿ ಶೇಕಡ 46ರಷ್ಟು ನೈಟ್ರೋಜನ್ನೇ. ಅದಕ್ಕೆ ಬೇಕಾದ ಅಮೋನಿಯಾವನ್ನು ಕಾರ್ಖಾನೆಯಲ್ಲಿ ಮಾಡಲು 400ರಿಂದ 500 ಡಿಗ್ರಿ ಶಾಖ, ಗಾಳಿಯ ಒತ್ತಡದ ನೂರಾರು ಪಟ್ಟು ಒತ್ತಡ, ಕಬ್ಬಿಣದ ವೇಗವರ್ಧಕ ಎಲ್ಲ ಬೇಕು. ಅದೇ ತ್ರಿಬಂಧವನ್ನು ತೊಗರಿ, ಅವರೆ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಹೊಲದ ಮಣ್ಣಿನ ಸಾಧಾರಣ ಬಿಸಿಯಲ್ಲೇ ಬಿಡಿಸುತ್ತದೆ! ನನಗೆ ಇದಕ್ಕಿಂತ ದೊಡ್ಡ ರಸಾಯನಶಾಸ್ತ್ರ ಕಾಣುವುದಿಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ, ತೊಗರಿ ಹಾಕುತ್ತಾ ಬಂದ ನಮ್ಮ ರೈತರಿಗೆ ಇದರ ಲಾಭ ಅನುಭವದಿಂದಲೇ ಗೊತ್ತಿತ್ತು.

ಪರೀಕ್ಷೆಗೆ ಬೇಕಾದ ಅಂಕಿಗಳನ್ನೂ ಹೇಳಿಬಿಡುತ್ತೇನೆ. ನೈಟ್ರೋಜನ್ ಅಣುತೂಕ 28, ಆರ್ಗಾನ್ ಪರಮಾಣು ತೂಕ ಸುಮಾರು 40. ಗಾಳಿಯ ಸರಾಸರಿ 29. ನೈಟ್ರೋಜನ್ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ, ಆರ್ಗಾನ್ ಮೈನಸ್ 186ರಲ್ಲಿ. ನೀರಿನಲ್ಲಿ ಆರ್ಗಾನ್ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕರಗುತ್ತದೆ. ಶಾಖವನ್ನು ಮಾತ್ರ ಕಡಿಮೆ ದಾಟಿಸುತ್ತದೆ, ನೈಟ್ರೋಜನ್ ದಾಟಿಸುವುದರ ಮೂರರಲ್ಲಿ ಎರಡು ಭಾಗದಷ್ಟು. ಎರಡು ಪದರದ ಕಿಟಕಿ ಗಾಜುಗಳ ನಡುವೆ ಆರ್ಗಾನ್ ತುಂಬುವುದು ಅದಕ್ಕೇ.

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್. ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ ಕೆಲಸಕ್ಕೆ ಆರ್ಗಾನ್ ವೆಲ್ಡಿಂಗ್ ಮಾಡುತ್ತೇವೆ. ಸಿಲಿಂಡರ್ ಖರ್ಚು ಜಾಸ್ತಿ. ನೈಟ್ರೋಜನ್ ಕೂಡ ಜಡವೇ ಅಂತಾರೆ, ಅಗ್ಗವೂ ಹೌದು. ಅದನ್ನೇ ಹಾಕಬಾರದೇಕೆ?

ಉತ್ತರ: ದಯವಿಟ್ಟು ಹಾಕಬೇಡಿ. ಆರ್ಕ್‌ನ (ವೆಲ್ಡಿಂಗ್ ಮಾಡುವಾಗ ಹೊತ್ತುವ ವಿದ್ಯುತ್ ಕಿಡಿಯ) ಶಾಖ ಸಾವಿರಾರು ಡಿಗ್ರಿ. ಅಲ್ಲಿ ನೈಟ್ರೋಜನ್ ಜೋಡಿ ಒಡೆಯುತ್ತದೆ, ಒಡೆದ ಪರಮಾಣುಗಳು ಕರಗಿದ ಲೋಹದೊಳಗೆ ಹೋಗುತ್ತವೆ. ಲೋಹ ಆರುವಾಗ ಆ ಅನಿಲ ಹೊರಬರಲು ಜಾಗವಿಲ್ಲದೆ ಬೆಸುಗೆಯಲ್ಲಿ ತೂತುಗಳಾಗುತ್ತವೆ. ಅಲ್ಯೂಮಿನಿಯಂ ಆದರೆ ನೈಟ್ರೈಡ್ ಕಟ್ಟುತ್ತದೆ. ಟೈಟಾನಿಯಂ ಆದರಂತೂ ಪೆಡಸಾಗಿ ಬಿರುಕು ಬಿಡುತ್ತದೆ. ಆರ್ಗಾನ್ ಎಷ್ಟು ಬಿಸಿಯಾದರೂ ಲೋಹವನ್ನು ಮುಟ್ಟುವುದಿಲ್ಲ. ಜೊತೆಗೆ ಗಾಳಿಗಿಂತ ಭಾರ, ಬೆಸುಗೆಯ ಮೇಲೆ ಚೆನ್ನಾಗಿ ಕೂತು ಗಾಳಿಯನ್ನು ದೂರ ಇಡುತ್ತದೆ.

ಲೇಸರ್ ಕಟಿಂಗ್‌ನವರು ಸ್ಟೇನ್‌ಲೆಸ್ ಸ್ಟೀಲಿಗೆ ನೈಟ್ರೋಜನ್ನೇ ಬಳಸುತ್ತಾರಲ್ಲ ಅಂತ ನೀವು ಕೇಳಬಹುದು. ಅಲ್ಲಿ ಕರಗಿದ ಲೋಹವನ್ನು ಆ ಕ್ಷಣಕ್ಕೇ ಊದಿ ಹೊರಗೆ ಹಾಕುತ್ತಾರೆ, ಅದು ಜೋಡಣೆಯಾಗಿ ಉಳಿಯಬೇಕಿಲ್ಲ.

ಆರ್ಗಾನ್ ಬೆಲೆಗೂ ಕಾರಣ ಇದೆ. ಗಾಳಿಯನ್ನು ದ್ರವ ಮಾಡಿ, ಕುದಿಯುವ ಬಿಂದುವಿನ ಮೇಲೆ ಬೇರೆ ಬೇರೆ ಮಾಡುತ್ತಾರೆ. ಆಮ್ಲಜನಕ ಮೈನಸ್ 183ರಲ್ಲಿ ಕುದಿಯುತ್ತದೆ, ಆರ್ಗಾನ್ ಮೈನಸ್ 186ರಲ್ಲಿ. ಬರೀ ಮೂರು ಡಿಗ್ರಿ ಅಂತರ! ಬೇರ್ಪಡಿಸುವುದು ಕಷ್ಟ, ಸಿಗುವುದೂ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಉಕ್ಕಿನ ಕಾರ್ಖಾನೆಗಳ ಆಮ್ಲಜನಕ ಘಟಕಗಳಲ್ಲಿ ಇದು ಜೊತೆಗೇ ಸಿಗುತ್ತದೆ ಅನ್ನುವುದರಿಂದ ಈ ಬೆಲೆಗಾದರೂ ಬರುತ್ತಿದೆ.

ಪ್ರಶ್ನೆ: ಹಾಗಾದರೆ ಚಿಪ್ಸ್ ಪೊಟ್ಟಣಕ್ಕೆ, ಕಾರಿನ ಟೈರಿಗೆ ಆರ್ಗಾನ್ ಹಾಕಿದರೆ ಇನ್ನೂ ಒಳ್ಳೆಯದಾ?

ಉತ್ತರ: ಬೇಕಿಲ್ಲ. ಮಾಮೂಲಿ ಬಿಸಿಯಲ್ಲಿ ನೈಟ್ರೋಜನ್ ಪಟ್ಟು ಬಿಡುವುದೇ ಇಲ್ಲ, ಚಿಪ್ಸಿನ ಎಣ್ಣೆ ಮುಗ್ಗದಿರಲು ಅಷ್ಟು ಸಾಕು. ನಮ್ಮ ಸಂವಿಧಾನದ ಮೂಲ ಪ್ರತಿಗಳು ಸಂಸತ್ತಿನ ಗ್ರಂಥಾಲಯದಲ್ಲಿ ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿವೆ. ಅಮೆರಿಕದವರ ಸ್ವಾತಂತ್ರ್ಯ ಘೋಷಣೆಯ ಪ್ರತಿ ಆರ್ಗಾನ್ ತುಂಬಿದ ಪೆಟ್ಟಿಗೆಯಲ್ಲಿದೆ. ಎರಡು ಕಡೆಯೂ ಉದ್ದೇಶ ಒಂದೇ, ಆಮ್ಲಜನಕವನ್ನು ಹೊರಗಿಡುವುದು. ಟೈರಿಗೆ ಮಾಮೂಲಿ ಗಾಳಿ ಹಾಕಿಸಿದರೂ ಅದರಲ್ಲಿ ಶೇಕಡ 78 ನೈಟ್ರೋಜನ್ ಇದ್ದೇ ಇರುತ್ತದೆ. ಬೇರೆ ಅನಿಲ ತುಂಬಿಸಲು ದುಡ್ಡು ಕೊಡುವ ಬದಲು ಆಗಾಗ ಒತ್ತಡ ನೋಡಿಸಿಕೊಳ್ಳಿ.

ಪ್ರಶ್ನೆ: ಇವೆರಡರಲ್ಲಿ ವಿಷ ಯಾವುದು?

ಉತ್ತರ: ಎರಡೂ ವಿಷವಲ್ಲ. ಆದರೆ ಎರಡೂ ಕೊಲ್ಲಬಲ್ಲವು, ಮತ್ತು ಪೀಣ್ಯದ ಓದುಗರು ಇದನ್ನು ಕಡ್ಡಾಯವಾಗಿ ಓದಬೇಕು. ನಮಗೆ ಉಸಿರು ಕಟ್ಟಿದ ಹಾಗೆ ಅನ್ನಿಸುವುದು ಮುಖ್ಯವಾಗಿ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದಾಗ, ಆಮ್ಲಜನಕ ಕಡಿಮೆಯಾದಾಗ ಅಲ್ಲ. ನೈಟ್ರೋಜನ್ ಅಥವಾ ಆರ್ಗಾನ್ ತುಂಬಿದ ಜಾಗದಲ್ಲಿ ಉಸಿರು ಆರಾಮಾಗಿ ಆಡುತ್ತಲೇ ಇರುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇರುತ್ತದೆ, ಒಂದೆರಡು ಉಸಿರಿನಲ್ಲೇ ಮನುಷ್ಯ ಎಚ್ಚರ ತಪ್ಪಿ ಬೀಳಬಹುದು. ವಾಸನೆಯೂ ಇಲ್ಲ, ಕೆಮ್ಮೂ ಇಲ್ಲ. ಅದರಲ್ಲೂ ಆರ್ಗಾನ್ ಭಾರವಾದ್ದರಿಂದ ಟ್ಯಾಂಕಿನ ತಳ, ಗುಂಡಿಗಳಲ್ಲಿ ನಿಂತುಬಿಡುತ್ತದೆ. ಟ್ಯಾಂಕಿನೊಳಗೆ ವೆಲ್ಡಿಂಗ್ ಇದ್ದರೆ ಮೊದಲು ಬ್ಲೋವರ್ ಹಾಕಿ, ತಳದಲ್ಲೇ ಆಮ್ಲಜನಕ ಮೀಟರ್ ಇಟ್ಟು ನೋಡಿ. ಶೇಕಡ 19.5ಕ್ಕಿಂತ ಕಡಿಮೆ ತೋರಿಸಿದರೆ ಯಾರನ್ನೂ ಇಳಿಸಬೇಡಿ. ಒಳಗೆ ಒಬ್ಬರು ಬಿದ್ದರೆ ಅವರನ್ನು ಎತ್ತಲು ಇನ್ನೊಬ್ಬರು ಹಾಗೇ ಇಳಿಯಬೇಡಿ. ಇಂಥ ಕಡೆ ಎರಡನೆಯ ಸಾವು ಆಗುವುದು ಹೀಗೇ. ಇಳಿದವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಒಬ್ಬರು ಕಣ್ಣಿಟ್ಟು ನಿಂತಿರಲಿ.