ನರ್ಸಿಂಗ್ ಬಿಟ್ಟು ಆಸ್ಪತ್ರೆಯ ಲ್ಯಾಬ್ ಕೆಲಸವನ್ನು ಆಯ್ದುಕೊಳ್ಳಬಹುದೇ?

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿರುವ ನೀವು ಮೂರು ವಿಷಯ ಕೇಳಿದ್ದೀರಿ: ಮನೆಯವರೆಲ್ಲ ನರ್ಸಿಂಗ್ ಎನ್ನುತ್ತಿರುವಾಗ ಬಿ.ಎಸ್ಸಿ. ಎಂಎಲ್‌ಟಿ (ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿ) ಸೇರುವುದು ಸರಿಯೇ, ಯಂತ್ರಗಳೇ ಎಲ್ಲ ಪರೀಕ್ಷೆಗಳನ್ನೂ ಮಾಡುವಾಗ ಲ್ಯಾಬ್‌ನಲ್ಲಿ ಮನುಷ್ಯರಿಗೆ ಏನು ಕೆಲಸ, ಮತ್ತು ಕ್ರೈಸ್ತ ಮನೆತನದ ಹುಡುಗಿಗೆ ಭಾನುವಾರದ ಪೂಜೆಗೂ ಹಬ್ಬಗಳಿಗೂ ಈ ಕೆಲಸದಲ್ಲಿ ಬಿಡುವು ಸಿಗುತ್ತದೆಯೇ. ನಾನೂ ಮಂಗಳೂರಿನ ಕಥೊಲಿಕ್ ಕುಟುಂಬದವಳು. ಎಂಎಲ್‌ಟಿ ಓದಿ ಇಲ್ಲಿಯ ದೊಡ್ಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ವೃತ್ತಿ ನಿಮಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದು ಅದರಿಂದಲೇ ತಿಳಿಯುತ್ತದೆ.

ಯಂತ್ರಗಳು ಬಹಳಷ್ಟನ್ನು ಮಾಡುತ್ತವೆ ಎನ್ನುವುದು ನಿಜ. ಬಯೋಕೆಮಿಸ್ಟ್ರಿ ವಿಭಾಗದ ಅನಲೈಸರ್ ಒಂದು ಗಂಟೆಯಲ್ಲಿ ನೂರಾರು ಪರೀಕ್ಷೆಗಳನ್ನು ಮುಗಿಸುತ್ತದೆ. ಆದರೆ ತನಗೆ ಕೊಟ್ಟ ರಕ್ತ ಯಾರದು, ಅದನ್ನು ಹೇಗೆ ತೆಗೆದರು, ಎಷ್ಟು ಹೊತ್ತು ವಾರ್ಡಿನ ಮೇಜಿನ ಮೇಲೆ ಇಟ್ಟಿದ್ದರು ಎಂಬುದು ಅದಕ್ಕೆ ಗೊತ್ತಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ರಕ್ತದ ಪೊಟ್ಯಾಶಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5.1 ಮಿಲಿಮೋಲ್ ಒಳಗೆ ಇರಬೇಕು, 6.5 ದಾಟಿದರೆ ಹೃದಯದ ಬಡಿತ ತಪ್ಪುವ ಭಯವಿದೆ. ಆರಾಮಾಗಿ ಕುಳಿತು ಮಾತನಾಡುತ್ತಿರುವ ರೋಗಿಯೊಬ್ಬರ ವರದಿಯಲ್ಲಿ ಪೊಟ್ಯಾಶಿಯಂ 9 ಎಂದೂ, ಕ್ಯಾಲ್ಸಿಯಂ ನಂಬಲಾಗದಷ್ಟು ಕಡಿಮೆ ಎಂದೂ ಬಂದರೆ, ಅನುಭವಿ ಟೆಕ್ನಾಲಜಿಸ್ಟ್ ರೋಗಿಯನ್ನಲ್ಲ, ಟ್ಯೂಬನ್ನು ಸಂಶಯಿಸುತ್ತಾರೆ. ರಕ್ತಕಣಗಳ ಎಣಿಕೆಗಾಗಿ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ಪೊಟ್ಯಾಶಿಯಂ ಲವಣವಿರುತ್ತದೆ. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಪೊಟ್ಯಾಶಿಯಂ, ಕ್ಯಾಲ್ಸಿಯಂ ಅಳೆಯುವ ಸೀರಮ್ಮಿನ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದ) ಟ್ಯೂಬಿನಲ್ಲಿ ರಕ್ತ ಸಾಲದೆಂದು ಯಾರೋ ನೇರಳೆ ಟ್ಯೂಬಿನಿಂದ ಸ್ವಲ್ಪ ಸುರಿದಿದ್ದರೆ ಇಂಥದೇ ಜೋಡಿ ಅಂಕಿಗಳು ಬರುತ್ತವೆ. ಯಂತ್ರ ಎರಡನ್ನೂ ಸರಿಯಾಗಿಯೇ ಅಳೆದಿರುತ್ತದೆ. ಆದರೂ ಆ ವರದಿ ಲ್ಯಾಬಿನಿಂದ ಹೊರಗೆ ಹೋಗಬಾರದು. ವಾರ್ಡಿಗೆ ಫೋನ್ ಮಾಡಿ ಹೊಸದಾಗಿ ರಕ್ತ ತರಿಸಬೇಕು. ಈ ತಡೆಹಿಡಿಯುವ ಕೆಲಸವೇ ನಮ್ಮ ಕೆಲಸದ ತಿರುಳು. ಸೂಜಿಯಲ್ಲಿ ಬಿರುಸಾಗಿ ಎಳೆದ ರಕ್ತದಲ್ಲಿ ಕೆಂಪುಕಣಗಳು ಒಡೆದರೂ ಪೊಟ್ಯಾಶಿಯಂ ಏರುತ್ತದೆ. ಅದನ್ನು ಹೊಸ ಯಂತ್ರಗಳು ತಾವೇ ಸೂಚಿಸುತ್ತವೆ. ಎಲ್ಲ ದೋಷಗಳಿಗೂ ಅಂಥ ಸೂಚನೆ ಇಲ್ಲ.

ಮಳೆಗಾಲದ ಮಾತು ಬೇರೆಯೇ. ಕರಾವಳಿಯಲ್ಲಿ ಜೂನ್ ಬಂತೆಂದರೆ ಡೆಂಗಿ, ಮಲೇರಿಯಾ, ಇಲಿಜ್ವರಗಳ ಸಾಲು ಶುರುವಾಗುತ್ತದೆ, ಪ್ಲೇಟ್‌ಲೆಟ್ ಎಣಿಕೆಗೆ ಬರುವ ಟ್ಯೂಬುಗಳಿಂದ ರ್‍ಯಾಕ್‌ಗಳು ತುಂಬುತ್ತವೆ. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್‌ಲೆಟ್ ನಲವತ್ತು ಸಾವಿರವೆಂದು ಯಂತ್ರ ತೋರಿಸಿದಾಗ ಮನೆಯವರ ಎದೆ ಒಡೆಯುತ್ತದೆ. ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದ ಕೂಡಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುವುದುಂಟು. ಯಂತ್ರ ಆ ಗುಂಪುಗಳನ್ನು ಎಣಿಸಲಾರದೆ ಕಡಿಮೆ ಅಂಕಿ ಕೊಡುತ್ತದೆ. ಗಾಜಿನ ಸ್ಲೈಡಿನ ಮೇಲೆ ರಕ್ತವನ್ನು ತೆಳುವಾಗಿ ಎಳೆದು, ಲೀಶ್‌ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಸ್ಲೈಡಿನ ಅಂಚನ್ನು ನೋಡಿದರೆ ಆ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಆಮೇಲೆ ಸಿಟ್ರೇಟ್ ಇರುವ ನೀಲಿ ಟ್ಯೂಬಿನಲ್ಲಿ ರಕ್ತ ತೆಗೆದು, ಸಿಟ್ರೇಟ್ ದ್ರವ ರಕ್ತವನ್ನು ತುಸು ತೆಳುವಾಗಿಸುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಿ ವರದಿ ಕೊಡುತ್ತಾರೆ. ಮಲೇರಿಯಾದಲ್ಲಿಯೂ ಅಷ್ಟೆ, ಕಾರ್ಡ್ ಪರೀಕ್ಷೆ ಎಷ್ಟೇ ಬೇಗ ಆದರೂ, ರೋಗಾಣು ವೈವ್ಯಾಕ್ಸ್ ಜಾತಿಯದೋ ಫಾಲ್ಸಿಪ್ಯಾರಮ್ ಜಾತಿಯದೋ, ರಕ್ತದಲ್ಲಿ ಪರಾವಲಂಬಿ ಎಷ್ಟಿದೆ ಎಂಬುದನ್ನು ಸ್ಲೈಡ್ ನೋಡಿಯೇ ಖಚಿತಪಡಿಸಿಕೊಳ್ಳುತ್ತಾರೆ. ಸ್ಲೈಡ್ ನೋಡುವ ಕಣ್ಣು ಪುಸ್ತಕದಿಂದ ಬರುವುದಿಲ್ಲ. ನನಗೆ ಈ ವೃತ್ತಿಯಲ್ಲಿ ಅತ್ಯಂತ ಸಂತೋಷ ಕೊಡುವ ಭಾಗ ಇದೇ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ಹೊರಗಿನವರಿಗೆ ಕಾಣದ ಇನ್ನೊಂದು ಕೆಲಸ ಗುಣಮಟ್ಟದ ನಿಯಂತ್ರಣ. ಬೆಳಿಗ್ಗೆ ರೋಗಿಗಳ ಮಾದರಿಗಳನ್ನು ಯಂತ್ರಕ್ಕೆ ಕೊಡುವ ಮೊದಲು, ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವವನ್ನು ಓಡಿಸಿ, ಬಂದ ಅಂಕಿಯನ್ನು ದಿನದಿನದ ಅಂಕಿಗಳನ್ನು ಸರಾಸರಿಯೊಂದಿಗೆ ತೋರಿಸುವ ಲೀವಿ–ಜೆನಿಂಗ್ಸ್ ನಕ್ಷೆಯಲ್ಲಿ ಗುರುತಿಸುತ್ತೇವೆ. 1950ರಲ್ಲಿ ಪ್ರಯೋಗಾಲಯಗಳಿಗೆ ಬಂದ ಈ ನಕ್ಷೆಯನ್ನು ಓದುವುದಕ್ಕೆ 1981ರಲ್ಲಿ ವೆಸ್ಟ್‌ಗಾರ್ಡ್ ನಿಯಮಗಳು ಸೇರಿಕೊಂಡವು. ಅಂಕಿ ಸರಾಸರಿಯಿಂದ ಮೂರು ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸಾಮಾನ್ಯವಾಗಿ ಎಷ್ಟು ಚದುರುತ್ತವೆ ಎಂಬುದರ ಅಳತೆ) ಆಚೆ ಹೋದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಬೇಕು. ಹತ್ತು ಸಲ ಸತತವಾಗಿ ಸರಾಸರಿಯ ಒಂದೇ ಬದಿಗೆ ಬಿದ್ದರೆ, ಒಂದೊಂದು ಅಂಕಿಯೂ ಮಿತಿಯೊಳಗೇ ಇದ್ದರೂ, ಯಂತ್ರ ಮೆಲ್ಲನೆ ಜಾರುತ್ತಿದೆ ಎಂದು ಅರ್ಥ. ಇದಲ್ಲದೆ ವೆಲ್ಲೂರಿನ ಸಿಎಂಸಿಯಂಥ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಸಂಸ್ಥೆಗಳು ದೇಶದ ಪ್ರಯೋಗಾಲಯಗಳಿಗೆ ಮಾದರಿಗಳನ್ನು ಕಳುಹಿಸಿ, ಯಾರ ಉತ್ತರ ಎಷ್ಟು ಸರಿಯೆಂದು ಹೋಲಿಸಿ ತಿಳಿಸುತ್ತವೆ. ಬೇಸರ ಹಿಡಿಸುವ ಈ ದಿನಚರಿಯನ್ನು ಯಾರೂ ನೋಡದಿದ್ದಾಗಲೂ ಮಾಡುವ ಸ್ವಭಾವ ನಿಮ್ಮದಾದರೆ ಲ್ಯಾಬ್ ನಿಮಗೆ ಒಗ್ಗುತ್ತದೆ. ಮಾತುಕತೆ, ರೋಗಿಯ ಒಡನಾಟ, ಎದುರಿಗೇ ಸಿಗುವ ಕೃತಜ್ಞತೆ ನಿಮಗೆ ಬೇಕೆನಿಸಿದರೆ ಮನೆಯವರು ಹೇಳುವ ನರ್ಸಿಂಗ್ ವಾಸಿ.

ಹಾಗೆಂದು ಲ್ಯಾಬಿನವರು ರೋಗಿಯನ್ನು ನೋಡುವುದೇ ಇಲ್ಲವೆಂದು ತಿಳಿಯಬೇಡಿ. ಹೊಸಬರನ್ನು ಹೆಚ್ಚಾಗಿ ರಕ್ತ ತೆಗೆಯುವ ಕೌಂಟರಿನಲ್ಲಿ ಕೂರಿಸುತ್ತಾರೆ, ಅಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಕಾಸರಗೋಡಿನಿಂದ ಬಂದವರ ಮಲಯಾಳಂ ಎಲ್ಲವೂ ಬೇಕಾಗುತ್ತವೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ ಎಂದು ಕೇಳಿದರೆ ಹೌದು ಎನ್ನುವವರು, ಚಾ ಕುಡಿದಿರಾ ಎಂದು ಬೇರೆಯಾಗಿ ಕೇಳಿದಾಗ, ಅದೂ ಲೆಕ್ಕವೇ ಎಂಬಂತೆ ನೋಡುತ್ತಾರೆ. ಹೆಸರಿನ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ನಮ್ಮ ಊರಿನ ಒಂದೇ ವಾರ್ಡಿನಲ್ಲಿ ಇಬ್ಬರು ಡಿಸೋಜ, ಮೂವರು ಶೆಟ್ಟಿ ಇರುವುದು ಅಪರೂಪವಲ್ಲ. ಆದ್ದರಿಂದ ಪೂರ್ತಿ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ, ಆಸ್ಪತ್ರೆಯ ಸಂಖ್ಯೆಯೊಂದಿಗೆ ಹೋಲಿಸಿ, ಮಂಚದ ಪಕ್ಕದಲ್ಲಿಯೇ ಟ್ಯೂಬಿಗೆ ಲೇಬಲ್ ಅಂಟಿಸಬೇಕು. ರಕ್ತನಿಧಿಗೆ ಹೋಗುವ ಟ್ಯೂಬಿನಲ್ಲಿ ಲೇಬಲ್ ಅದಲುಬದಲಾದರೆ, ಗುಂಪು ಹೊಂದದ ರಕ್ತ ಏರಿ ಜೀವವೇ ಹೋಗಬಹುದು.

ಈಗ ಓದಿನ ವಿಷಯ. ಕರ್ನಾಟಕದಲ್ಲಿ ಎರಡು ದಾರಿಗಳಿವೆ: ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಡೀಮ್ಡ್ ವಿಶ್ವವಿದ್ಯಾಲಯಗಳ ಪದವಿ. ನೀವು ವಿಜ್ಞಾನ ಓದಿರುವುದರಿಂದಲೂ, ಮುಂದೆ ಎಂ.ಎಸ್ಸಿ. ಅಥವಾ ವಿದೇಶದ ಯೋಚನೆ ಬರಬಹುದಾದ್ದರಿಂದಲೂ, ಖರ್ಚು ನಿಭಾಯಿಸಬಹುದಾದರೆ ಪದವಿಯನ್ನೇ ಆಯ್ದುಕೊಳ್ಳಿ ಎನ್ನುತ್ತೇನೆ. ನಮ್ಮ ವೃತ್ತಿಗೆ ದೇಶಮಟ್ಟದಲ್ಲಿ ನರ್ಸಿಂಗ್ ಕೌನ್ಸಿಲ್ಲಿನಂಥ ಕಾನೂನಿನ ಆಸರೆ ಬಹುಕಾಲ ಇರಲಿಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗದ ಕಾಯ್ದೆಯಲ್ಲಿ ಪ್ರಯೋಗಾಲಯ ವಿಜ್ಞಾನವೂ ಸೇರಿದೆ, ಶಿಕ್ಷಣದ ಮಟ್ಟವನ್ನೂ ನೋಂದಣಿಯನ್ನೂ ಒಂದು ಕ್ರಮಕ್ಕೆ ತರುವುದು ಅದರ ಉದ್ದೇಶ. ಕಾಲೇಜು ನೋಡುವಾಗ ಕಟ್ಟಡವನ್ನೂ ಕಿರುಹೊತ್ತಗೆಯನ್ನೂ ನೋಡಬೇಡಿ. ಅದಕ್ಕೆ ಸೇರಿದ ಆಸ್ಪತ್ರೆ ಇದೆಯೇ, ಆ ಲ್ಯಾಬಿಗೆ ಎನ್‌ಎಬಿಎಲ್ (ಪ್ರಯೋಗಾಲಯಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಇಂಟರ್ನ್‌ಶಿಪ್‌ನಲ್ಲಿ ರಕ್ತನಿಧಿ, ಮೈಕ್ರೊಬಯಾಲಜಿ, ಹಿಸ್ಟೊಪೆಥಾಲಜಿ (ಅಂಗಾಂಶಗಳ ಪರೀಕ್ಷೆ) ಎಲ್ಲ ವಿಭಾಗಗಳಿಗೂ ಸರದಿಯಲ್ಲಿ ಕಳುಹಿಸುತ್ತಾರೆಯೇ ಎಂದು ಕೇಳಿ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬರನ್ನು ಬದಿಗೆ ಕರೆದು, ಕೈಗೆ ಕೆಲಸ ಕೊಡುತ್ತಾರೋ, ನಿಂತು ನೋಡಲು ಮಾತ್ರ ಬಿಡುತ್ತಾರೋ ಎಂದು ವಿಚಾರಿಸಿ. ಆಕೆಯ ಉತ್ತರಕ್ಕೆ ಪ್ರಾಂಶುಪಾಲರ ಉತ್ತರಕ್ಕಿಂತ ಹೆಚ್ಚು ಬೆಲೆ ಕೊಡಿ.

ವಿದೇಶದ ಮಾತು ಬಂದಾಗ ಮನೆಯವರ ವಾದದಲ್ಲಿ ಹುರುಳಿದೆ. ನಮ್ಮಲ್ಲಿ ಚರ್ಚಿನ ಪ್ರತಿ ವಾಳೆಯಲ್ಲೂ (ನೆರೆಹೊರೆಯ ಮನೆಗಳ ಗುಂಪು) ಗಲ್ಫಿನಲ್ಲೋ ಐರ್ಲೆಂಡಿನಲ್ಲೋ ಇರುವ ನರ್ಸ್ ಒಬ್ಬರಾದರೂ ಸಿಗುತ್ತಾರೆ. ಲ್ಯಾಬಿನವರಿಗೆ ಹುದ್ದೆಗಳು ಅಷ್ಟಿಲ್ಲ. ಗಲ್ಫ್ ದೇಶಗಳಿಗೆ ಪ್ರಮಾಣಪತ್ರಗಳ ಮೂಲ ಪರಿಶೀಲನೆ, ಪರವಾನಗಿ ಪರೀಕ್ಷೆ, ಕೆಲಸದ ಅನುಭವ ಬೇಕು. ಬ್ರಿಟನ್ನಿನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಎಂದು ಅಲ್ಲಿಯ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆ ಎಚ್‌ಸಿಪಿಸಿಯಲ್ಲಿ ನೋಂದಣಿಯಾಗಬೇಕು. ಬೇಗನೆ ಹೊರದೇಶಕ್ಕೆ ಹೋಗಿ ಮನೆಯ ಸಾಲ ತೀರಿಸುವುದೇ ಮುಖ್ಯವಾಗಿದ್ದರೆ ನರ್ಸಿಂಗ್ ಹತ್ತಿರದ ದಾರಿ, ಅದನ್ನು ನಾನು ಅಲ್ಲಗಳೆಯಲಾರೆ.

ರೋಗ ಅಂಟುತ್ತದೆಂಬ ಹೆದರಿಕೆಗೆ ಇಷ್ಟು ಸಾಕು: ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು ಸೊನ್ನೆ, ಒಂದು, ಆರನೆಯ ತಿಂಗಳ ಕ್ರಮದಲ್ಲಿ ಕೆಲಸಕ್ಕೆ ಮುಂಚೆಯೇ ಮುಗಿಸಿಕೊಳ್ಳಿ, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಸೂಜಿ ಚುಚ್ಚಿದರೆ ಮುಚ್ಚಿಡದೆ ತಕ್ಷಣ ತಿಳಿಸಿ. ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, 72 ಗಂಟೆಯೊಳಗೆ ಆರಂಭಿಸಬೇಕು.

ನೀವು ಕೇಳದಿದ್ದರೂ ಹೇಳಬೇಕಾದ ಒಂದು ಮಾತಿದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಔಷಧಾಲಯದಿಂದ ಹಿಡಿದು, ಬೆಂಗಳೂರಿನ ಸೇಂಟ್ ಮಾರ್ಥಾಸ್, ವೆಲ್ಲೂರಿನಲ್ಲಿ 1900ರಲ್ಲಿ ಐಡಾ ಸ್ಕಡರ್ ಶುರುಮಾಡಿದ ಚಿಕಿತ್ಸಾಲಯದವರೆಗೆ ನಮ್ಮ ಸಮುದಾಯಕ್ಕೆ ಆಸ್ಪತ್ರೆಗಳ ದೊಡ್ಡ ಪರಂಪರೆಯಿದೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಇದೆ. ಆದರೆ ಇದು ಸೇವೆಯಲ್ಲವೇ ಎಂಬ ಮಾತನ್ನು ಸಂಬಳದ ಪ್ರಶ್ನೆ ಬಂದಾಗ ಬಾಯಿ ಮುಚ್ಚಿಸಲು ಬಳಸುವುದನ್ನೂ ಕಂಡಿದ್ದೇನೆ. ನಾನು ಮೊದಲು ಸಂದರ್ಶನಕ್ಕೆ ಹೋದ ಒಂದೆಡೆ ಸಂಬಳವೆಷ್ಟೆಂದು ಕೇಳಿದ್ದಕ್ಕೆ, ಒಳ್ಳೆಯ ಕ್ರೈಸ್ತ ಕುಟುಂಬದ ಹುಡುಗಿ ಮೊದಲು ದುಡ್ಡಿನ ಮಾತೆತ್ತುವುದೇ ಎಂದು ಕೇಳಿದರು. ಖಂಡಿತ ಎತ್ತಬಹುದು. ಸಣ್ಣ ಖಾಸಗಿ ಲ್ಯಾಬುಗಳಲ್ಲಿ ಆರಂಭದ ಸಂಬಳ ಓದಿಗೆ ತಕ್ಕಂತಿರುವುದಿಲ್ಲ. ಭವಿಷ್ಯನಿಧಿ, ರಾತ್ರಿಪಾಳಿಯ ಭತ್ಯೆ, ರಜೆ ಎಲ್ಲವನ್ನೂ ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ.

ಇನ್ನು ಭಾನುವಾರ. ಆಸ್ಪತ್ರೆಗೆ ಭಾನುವಾರವಿಲ್ಲ, ತುರ್ತು ಮಾದರಿಗಳು ಕ್ರಿಸ್ಮಸ್ ರಾತ್ರಿಯೂ ಬರುತ್ತವೆ. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕಟ್ಟಳೆ ನೆರವೇರುತ್ತದೆಂದು ಕಥೊಲಿಕ್ ಧರ್ಮಸಭೆಯ ನಿಯಮವೇ ಇದೆ. ನೀವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಥವಾ ಬೇರೆ ಸಭೆಯವರಾದರೆ ನಿಮ್ಮ ಪಾಸ್ಟರರನ್ನು ಕೇಳಿ. ಹಬ್ಬಗಳಿಗೆ ನಮ್ಮಲ್ಲಿ ಅದಲುಬದಲು ನಡೆಯುತ್ತದೆ: ಚೌತಿಗೂ ದೀಪಾವಳಿಗೂ ನಾವು, ಈದ್‌ಗೆ ನಾವು ಮತ್ತು ಹಿಂದೂ ಸಹೋದ್ಯೋಗಿಗಳು, ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್‌ಗೂ (ಮರಿಯಮ್ಮನವರ ಜನ್ಮದಿನದ ಹಬ್ಬ) ಕ್ರಿಸ್ಮಸ್‌ಗೂ ಹಿಂದೂ, ಮುಸ್ಲಿಂ ಸಹೋದ್ಯೋಗಿಗಳು ಪಾಳಿ ಹಿಡಿಯುತ್ತಾರೆ. ಕ್ರೈಸ್ತರ ಆಸ್ಪತ್ರೆಯಲ್ಲಿ ಇದು ಸುಲಭವೆಂದು ನೀವು ಊಹಿಸಿರಬಹುದು; ನಿಜಕ್ಕೂ ಅಲ್ಲಿಯೇ ಕಷ್ಟ, ಏಕೆಂದರೆ ಅಂದು ರಜೆ ಬೇಕೆನ್ನುವವರೇ ಹೆಚ್ಚು. ತಿಂಗಳ ಡ್ಯೂಟಿ ಪಟ್ಟಿ ತಯಾರಾಗುವ ಮೊದಲೇ ಮೇಲ್ವಿಚಾರಕರಿಗೆ ಬರೆದು ಕೊಡುವವರಿಗೆ ರಜೆ ಸಿಗುತ್ತದೆ. ರಾತ್ರಿಪಾಳಿಗೆ ಹೋಗಿಬರಲು ಆಸ್ಪತ್ರೆಯ ವಾಹನವೋ ಹಾಸ್ಟೆಲ್ಲೋ ಇದೆಯೇ ಎಂಬುದನ್ನು ಸೇರುವ ಮೊದಲೇ ಕೇಳಿಕೊಳ್ಳಿ. ನಿಮ್ಮ ತಾಯಿ ನಿಮ್ಮನ್ನು ಮೊದಲು ಕೇಳುವುದು ಅದನ್ನೇ.